ಲೈನಿನ ಅಗಲ ಅಳೆದ ಅಕ್ಕೋರು

ಜಮಖಂಡಿಯ ನಮ್ಮ ಕಾಲೇಜಿನಲ್ಲಿ ಅಕ್ಕೋರ ಶ್ರದ್ಧಾಂಜಲಿ ಸಭೆ ನಡೆದಾಗ ನಾಲ್ಕು ಮಂದಿ ಮಾತಾಡಿದರು. ನಾಲ್ವರೂ ಒಂದು ಮಾತನ್ನು ತಪ್ಪದೇ ಹೇಳಿದರು: ಅಕ್ಕೋರು ಜೀವಮಾನದಲ್ಲಿ ಒಂದೂ ಸುಳ್ಳು ಹೇಳಿದವರಲ್ಲ. ಮೂರನೆಯವರು ಹೇಳುವ ಹೊತ್ತಿಗೆ ನನಗೆ ಕೆಮ್ಮು ಬಂತು. ನಾಲ್ಕನೆಯವರು ಹೇಳಿದಾಗ, ಪಕ್ಕದಲ್ಲಿ ಕೂತಿದ್ದ ನಿವೃತ್ತ ಪ್ಯೂನ್ ಸಿದ್ರಾಮಪ್ಪ ನನ್ನ ತೊಡೆ ಚಿವುಟಿ, "ಸುಮ್ಮ ಕುಂದರ್ರಿ ಸರ, ಮಂದಿ ನೋಡಾಕತ್ತಾರ" ಅಂದ. ಅವನ ಕಣ್ಣಲ್ಲಿ ನೀರಿತ್ತು. ತುಟಿ ಮಾತ್ರ ನಗು ತಡೆದುಕೊಂಡು ಒಂದು ಕಡೆ ಸೊಟ್ಟಗಾಗಿತ್ತು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಹೇಳಬೇಕು ಅನ್ನುತ್ತಾರೆ. ನಾನೂ ಒಪ್ಪುತ್ತೇನೆ. ಅವರು ಹೇಳಿದ ಸುಳ್ಳು ನನಗೆ ಗೊತ್ತಿದ್ದ ಮಟ್ಟಿಗೆ ಎರಡು. ಅವರ ಬಗ್ಗೆ ಹೇಳಬಹುದಾದ ಒಳ್ಳೆಯ ಸಂಗತಿಗಳಲ್ಲಿ ಆ ಎರಡನ್ನೂ ನಾನು ಮೊದಲಿಗೇ ಇಡುತ್ತೇನೆ.

ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎಂದು ಕರೆಯುವುದು ರೂಢಿ. ಕಾಲೇಜಿನಲ್ಲಿ ಉಳಿದವರೆಲ್ಲ ಮೇಡಂ ಆದರು, ಇವರೊಬ್ಬರು ಅಕ್ಕೋರಾಗಿಯೇ ಉಳಿದರು. ಬನಹಟ್ಟಿಯ ನೇಕಾರರ ಮನೆಯವರು. ಮನೆಯ ಒಳಗೇ ನಾಲ್ಕು ಪವರ್‌ಲೂಮು, ಅವುಗಳ ಸದ್ದಿನಲ್ಲಿ ಹುಟ್ಟಿ ಬೆಳೆದದ್ದರಿಂದ ಮೆಲ್ಲಗೆ ಮಾತಾಡುವುದು ಅವರಿಗೆ ಬರುತ್ತಿರಲಿಲ್ಲ. ಗುಟ್ಟು ಹೇಳಿದರೂ ಮೂರು ಕೊಠಡಿಗೆ ಕೇಳುತ್ತಿತ್ತು. ಗಣಿತ ಕಲಿಸಲು ಬಂದವರು, ಕಾಲೇಜಿಗೆ ಮೊದಲ ಕಂಪ್ಯೂಟರ್ ಬಂದಾಗ ಅದರ ಡಬ್ಬಿಯಲ್ಲಿದ್ದ ಪುಸ್ತಕವನ್ನು ಮನೆಗೆ ಒಯ್ದು, ಓದಿ, ತಮಗೆ ತಾವೇ ಪ್ರೋಗ್ರಾಂ ಬರೆಯುವುದನ್ನು ಕಲಿತರು.

ಅವರ ಕೊರಳಲ್ಲಿ ಸದಾ ಒಂದು ಸ್ಟಾಪ್‌ವಾಚು ನೇತಾಡುತ್ತಿತ್ತು. ಅದು ದೈಹಿಕ ಶಿಕ್ಷಣದ ಮಾಸ್ತರರದು. "ಎರಡು ದಿವ್ಸ ಕೊಡ್ರಿ" ಎಂದು ಇಸಿದುಕೊಂಡದ್ದು ಆರು ವರ್ಷವಾದರೂ ಮರಳಿರಲಿಲ್ಲ. ಮಾಸ್ತರರು ಓಟದ ಸ್ಪರ್ಧೆ ಇಟ್ಟಾಗೆಲ್ಲ ಅಕ್ಕೋರನ್ನೂ ಮೈದಾನಕ್ಕೆ ಕರೆಯಬೇಕಾಗುತ್ತಿತ್ತು. ಕ್ಯಾಂಟೀನಿನಿಂದ ಚಹಾ ಬರಲು ಎಷ್ಟು ಹೊತ್ತು, ಪ್ರಾಚಾರ್ಯರು ಒಂದು ಸಹಿ ಹಾಕಲು ಎಷ್ಟು ಹೊತ್ತು, ಎಲ್ಲವನ್ನೂ ಅವರು ಅಳೆಯುತ್ತಿದ್ದರು. ನಾನು ಫಿಜಿಕ್ಸ್ ಉಪನ್ಯಾಸಕನಾಗಿ ಸೇರಿದ ಮೊದಲ ವಾರವೇ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ನನ್ನತ್ತ ಕೈಮಾಡಿ, "ಲೋಕಾಪುರದ ಸರ ಪಾಠ ಚಾಲೂ ಮಾಡೂಕ್ಕಿಂತ ಮೊದ್ಲ ಹನ್ನೊಂದು ಸೆಕೆಂಡ್ ಗಂಟಲಾ ಸರಿ ಮಾಡ್ಕೋತಾರ" ಎಂದು ಸಾರಿದರು. ಮರುದಿನ ನಾನು ಗಂಟಲು ಸರಿಮಾಡಿಕೊಳ್ಳದೇ ಪಾಠ ಶುರುಮಾಡಿ ದನಿ ಒಡೆದುಕೊಂಡೆ.

ಊರಿಗೆ ಬ್ರಾಡ್‌ಬ್ಯಾಂಡ್ ಬಂದ ಹೊಸದು. ನಮ್ಮ ಆಡಳಿತ ಮಂಡಳಿಯ ಕಾರ್ಯದರ್ಶಿಗಳಿಗೆ ಒಂದು ಆಸೆ ಹುಟ್ಟಿತು. ಜಮಖಂಡಿಯಲ್ಲಿ ಕ್ಯಾಮೆರಾದ ಮುಂದೆ ಒಬ್ಬರು ಪಾಠ ಮಾಡುವುದು, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಶಾಖೆಗಳಲ್ಲಿ ಪಿಯುಸಿ ಮಕ್ಕಳು ಅದನ್ನು ಅದೇ ಹೊತ್ತಿಗೆ ದೊಡ್ಡ ಟೀವಿಯಲ್ಲಿ ನೋಡುವುದು. ಶಾಖೆಗಳಿಗೆ ವಿಜ್ಞಾನದ ಉಪನ್ಯಾಸಕರು ಸಿಗುತ್ತಿರಲಿಲ್ಲ, ಹೀಗಾಗಿ ವಿಚಾರವೇನೋ ಒಳ್ಳೆಯದೇ. ಹಳೆಯ ಕ್ರೀಡಾ ಸಾಮಾನಿನ ಕೋಣೆಯಲ್ಲಿ ಸ್ಟ್ರೀಮಿಂಗ್ ಸರ್ವರ್ ಬಂದು ಕೂತಿತು. ಪಾಠ ಮಾಡಲು ನನ್ನನ್ನು ಆರಿಸಿದರು. ನಾನು ಎರಡು ಹೊಸ ಅಂಗಿ ಹೊಲಿಸಿಕೊಂಡೆ.

ಮೊದಲ ದಿನವೇ ಮೂರೂ ಕಡೆಯಿಂದ ಫೋನು. ಚಿತ್ರ ನಿಂತಿತು, ದನಿ ಹೋಯಿತು, ಸರ್ ಬಾಯಿ ತೆರೆದವರು ತೆರೆದಂತೆಯೇ ಇದ್ದಾರೆ. ಸರ್ವರ್ ಮಾರಿದವನು ಬಂದು ನೋಡಿ, ಇದು ಸಾಲದು, ಇದಕ್ಕಿಂತ ದೊಡ್ಡದು ಬೇಕು ಎಂದ. ಪ್ರಾಚಾರ್ಯರು ತಲೆಯ ಮೇಲೆ ಕೈಹೊತ್ತು ಕೂತರು. ಅಕ್ಕೋರು ಒಳಗೆ ಬಂದವರೇ ಅವರ ಮುಂದೆ ನಿಂತು, "ಸರ, ಮೊದ್ಲ ಅಳೀರಿ, ಆಮ್ಯಾಲ ಅಳ್ರಿ" ಅಂದರು.

"ಏನ ಅಳೀಬೇಕ್ರಿ ಅಕ್ಕೋರ?"

"ಲೈನಿನ ಅಗಲ. ಯಾವ ಊರಿನ ಲೈನ್ ಎಷ್ಟ ತಡೀತೈತಿ ಅನ್ನೂದ ನಮಗ ಗೊತ್ತಿಲ್ಲ. ಎಲ್ಲಾರಿಗೂ ಒಂದ ಅಳತೀದ ಚಿತ್ರ ನೂಕಾಕತ್ತೀವಿ."

ಪ್ರಾಚಾರ್ಯರು ಸಂಸ್ಕೃತದವರು, ಲೈನಿನ ಅಗಲ, ಅಂದರೆ ಬ್ಯಾಂಡ್‌ವಿಡ್ತ್, ಏನೆಂದು ಅವರಿಗೆ ಅರ್ಥವಾಗಲಿಲ್ಲ. ಅಕ್ಕೋರು ಮಗುವನ್ನು ಕೈಹಿಡಿದು ಕರೆದೊಯ್ದಂತೆ ಅವರನ್ನು ಕಾಲೇಜಿನ ತೋಟಕ್ಕೆ ಕರೆದೊಯ್ದರು. ಗಿಡಗಳಿಗೆ ನೀರು ಬಿಡುವ ಉದ್ದನೆಯ ಪೈಪಿನ ತುದಿಯನ್ನು ಅವರ ಕೈಗೇ ಕೊಟ್ಟು, ಮುಂದೆ ಬಕೆಟ್ ಇಟ್ಟರು. ಕಟ್ಟಡದ ಆಚೆ ಬದಿಯ ನಲ್ಲಿಯ ಹತ್ತಿರ ಸಿದ್ರಾಮಪ್ಪ ನಿಂತಿದ್ದ.

"ಬಿಡಪಾ!" ಎಂದು ಅಕ್ಕೋರು ಕೂಗಿ ವಾಚು ಒತ್ತಿದರು. ಮೊದಲ ಹನಿ ಬಿದ್ದಾಗ ಒಂದು ಸಲ, ಬಕೆಟ್ ತುಂಬಿದಾಗ ಇನ್ನೊಂದು ಸಲ ಒತ್ತಿದರು.

"ನೋಡ್ರಿ ಸರ. ಮೊದ್ಲನೇ ಹನಿ ಬರಾಕ ಹಿಡದಿದ್ದು ದಾರೀದು. ಅಲ್ಲಿಂದ ಬಕೆಟ್ ತುಂಬಾಕ ಹಿಡದಿದ್ದು ಪೈಪಿನ ಅಗಲದ್ದು. ಎರಡೂ ಕಲಸಿದ್ರ ಲೆಕ್ಕ ತಪ್ಪತೈತಿ. ಬಕೆಟ್ ಬದಲಿ ಲೋಟಾ ಇಟ್ರಂತೂ ವಾಚ್ ಒತ್ತೂದ್ರಾಗ ತುಂಬಿರತೈತಿ, ಏನೂ ತಿಳ್ಯಾಂಗಿಲ್ಲ. ನೀರಡಿಕಿ ಆತಂತ ಪೈಪಿಗಿ ಬಾಯಿ ಹಚ್ಚಿ ಕುಡದವ್ರಿಗೂ ಅಗಲ ತಿಳ್ಯಾಂಗಿಲ್ಲ."

ಪ್ರಾಚಾರ್ಯರಿಗೆ ಪೂರ್ತಿ ತಿಳಿಯಿತು, ಪೂರ್ತಿ ತೊಯ್ದರು ಕೂಡ. ಯಾಕೆಂದರೆ ಬಕೆಟ್ ತುಂಬಿದ ಮೇಲೆ ನಲ್ಲಿ ಬಂದ್ ಮಾಡು ಎಂದು ಸಿದ್ರಾಮಪ್ಪನಿಗೆ ಯಾರೂ ಹೇಳಿರಲಿಲ್ಲ. ಅಷ್ಟು ಜೋರು ದನಿಯ ಅಕ್ಕೋರು ಅವತ್ತು ಮಾತ್ರ, "ಸಾಕಪಾ" ಎಂದು ಬಹಳ ಮೆಲ್ಲಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

ಅವರು ಬರೆದ ಪ್ರೋಗ್ರಾಂ ಮಾಡಿದ್ದೂ ಅದನ್ನೇ. ಯಾವುದೇ ಶಾಖೆಯ ಕಂಪ್ಯೂಟರ್ ನಮ್ಮ ಸರ್ವರ್‌ಗೆ ಜೋಡಿಕೊಂಡ ಕೂಡಲೇ ಅದು ಮೊದಲು ಒಂದು ಪುಟ್ಟ ತುಣುಕನ್ನು ಕಳಿಸುತ್ತಿತ್ತು. ಆ ಕಡೆಯಿಂದ 'ಮುಟ್ಟಿತು' ಎಂದು ಉತ್ತರ ಬಂದಾಗ ಹೋಗಿ ಬರುವ ದಾರಿಯ ಹೊತ್ತು ಸಿಗುತ್ತಿತ್ತು. ಆಮೇಲೆ ಗಾತ್ರ ಗೊತ್ತಿರುವ ದೊಡ್ಡ ತುಣುಕು ಹೋಗುತ್ತಿತ್ತು. ಅದಕ್ಕೆ ಹಿಡಿದ ಹೊತ್ತಿನಲ್ಲಿ ದಾರಿಯ ಹೊತ್ತನ್ನು ಕಳೆದು, ಉಳಿದದ್ದರಿಂದ ಗಾತ್ರವನ್ನು ಭಾಗಿಸಿದರೆ ಆ ಲೈನಿನ ಅಗಲ. ಅದನ್ನು ನೋಡಿಕೊಂಡು ಸರ್ವರ್, ದೊಡ್ಡದು, ನಡುವಣದು, ಸಣ್ಣದು ಎಂಬ ಮೂರು ಅಳತೆಯ ಚಿತ್ರಗಳಲ್ಲಿ ಒಂದನ್ನು ಆ ಶಾಖೆಗೆ ಕಳಿಸುತ್ತಿತ್ತು. ಅಗಲವಿದ್ದ ಮುಧೋಳಕ್ಕೆ ದೊಡ್ಡ ಚಿತ್ರ, ಬನಹಟ್ಟಿಗೆ ನಡುವಣದು, ಬೀಳಗಿಗೆ ಸಣ್ಣದು. ಹೊಸ ಸರ್ವರ್ ಕೊಳ್ಳುವ ಮಾತು ಅಲ್ಲಿಗೆ ನಿಂತಿತು.

ಆ ದೊಡ್ಡ ತುಣುಕಿನಲ್ಲಿ ಏನಾದರೂ ತುಂಬಬೇಕಲ್ಲ. ಏನು ತುಂಬಿದರೂ ನಡೆಯುತ್ತಿತ್ತು. ಅಳತೆ ಮುಗಿದ ಮೇಲೆ ಆ ಕಡೆಯ ಕಂಪ್ಯೂಟರ್ ಅದನ್ನು ಚೆಲ್ಲಿಬಿಡುತ್ತಿತ್ತು, ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಅಕ್ಕೋರು ಒಂದೇ ಸಾಲನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಅದನ್ನೇ ಸಾವಿರಾರು ಸಲ ತುಂಬಿದ್ದರು: "ಕಾರ್ಯದರ್ಶಿಗಳ ಭಾಷಣ ಇನ್ನೂ ಮುಗಿದಿಲ್ಲ."

ನನಗೆ ತೋರಿಸಿದಾಗ ನಾನು ಗಾಬರಿಯಾದೆ. "ಯಾರರೆ ನೋಡಿದ್ರ, ಅಕ್ಕೋರ?"

"ಯಾರು ನೋಡ್ತಾರ್ರಿ? ಖಾಲಿ ಚೀಲಾ ಕಳಿಸೂಕ್ಕಿಂತ ಖರೇದ್ದನ್ನ ತುಂಬಿ ಕಳಿಸಿದ್ರ ಛಲೋ ಅಲ್ಲೇನು?"

ಮುಧೋಳದ ಶಾಖೆಯಲ್ಲಿ ಉದ್ಘಾಟನೆ ನಡೆಯಿತು. ಕಾರ್ಯದರ್ಶಿಗಳು ವೇದಿಕೆಯ ಮೇಲೆ ನಿಂತು, ಹಿಂದೆ ದೊಡ್ಡ ಪರದೆ ಇಟ್ಟುಕೊಂಡು ಮಾತು ಶುರುಮಾಡಿದರು. ಅವರು ನಿಲ್ಲಿಸುವುದರೊಳಗೆ ಪಾಠ ತಯಾರಿರಲಿ ಎಂದು ಅಲ್ಲಿನ ಆಪರೇಟರ್ ಕಂಪ್ಯೂಟರನ್ನು ಜಮಖಂಡಿಗೆ ಜೋಡಿಸಿದ. ಅಲ್ಲಿ ಹಾಕಿದ್ದು ಪ್ರೋಗ್ರಾಮಿನ ಹಳೆಯ ಪ್ರತಿ, ಬಂದದ್ದನ್ನೆಲ್ಲ ಪರದೆಯ ಮೇಲೆ ತೋರಿಸುವಂಥದು. ಭಾಷಣ ಮಾಡುತ್ತಿದ್ದವರ ಬೆನ್ನ ಹಿಂದೆ, ಅವರ ಭಾಷಣ ಇನ್ನೂ ಮುಗಿದಿಲ್ಲ, ಇನ್ನೂ ಮುಗಿದಿಲ್ಲ, ಇನ್ನೂ ಮುಗಿದಿಲ್ಲ ಎಂದು ಸಾಲುಸಾಲಾಗಿ ಪರದೆಯ ತುಂಬ ಏರತೊಡಗಿತು. ಮಕ್ಕಳು ನಕ್ಕರು. ತಮ್ಮ ಮಾತಿಗೇ ನಗುತ್ತಿದ್ದಾರೆಂದು ಹುರುಪಾಗಿ ಅವರು ಇನ್ನೂ ಹತ್ತು ನಿಮಿಷ ಮಾತಾಡಿದರು. ಆಮೇಲೆ ತಿರುಗಿ ನೋಡಿದರು.

ಜಮಖಂಡಿಯಲ್ಲಿ ಫೋನು ರಿಂಗಣಿಸಿತು. ಅಕ್ಕೋರು ಎತ್ತಿದರು. ಆ ಕಡೆಯಿಂದ ಕಾರ್ಯದರ್ಶಿಗಳ ದನಿ ನನಗೂ ಕೇಳುತ್ತಿತ್ತು.

"ಏನ್ರಿ ಅಕ್ಕೋರ ಇದು?"

"ಪರೀಕ್ಷಾ ಸಂದೇಶರಿ ಸರ" ಎಂದರು ಅಕ್ಕೋರು, ರೆಪ್ಪೆ ಸಹ ಅಲುಗಿಸದೆ. "ನಿಮ್ಮ ಮಾತು ಮುಗಿಯೂತನಕ ಪಾಠ ಚಾಲೂ ಆಗಬಾರ್ದಂತ ಮಶೀನಿಗಿ ಹೇಳಿದ್ದೆ. ದೊಡ್ಡವ್ರಿಗಿ ಮರ್ಯಾದಿ ಕೊಟ್ಟ ಕಾಯಾಕತ್ತಿತ್ರಿ."

"ಹಂಗಾ? ಛಲೋ ಆತು" ಎಂಬ ಉತ್ತರ ಬಂತು. ಇದು ನಾನು ಕಂಡ ಮೊದಲನೆಯ ಸುಳ್ಳು.

ಎರಡನೆಯದರ ಹಿಂದೆ ಇಷ್ಟು ನಗು ಇರಲಿಲ್ಲ.

ಆ ವರ್ಷದ ನಡುವೆ ಕಾರ್ಯದರ್ಶಿಗಳು ಅಕ್ಕೋರ ಅಳತೆಯ ಪಟ್ಟಿ ನೋಡಿದರು. ಬೀಳಗಿಯ ಲೈನು ಎಲ್ಲಕ್ಕಿಂತ ಸಣ್ಣದು. ಅಲ್ಲಿನ ಟೀವಿ, ಕಂಪ್ಯೂಟರು ಎತ್ತಿ ಮುಧೋಳಕ್ಕೆ ಸಾಗಿಸಿ, ಬೀಳಗಿಯ ವಿಜ್ಞಾನದ ತರಗತಿ ಮುಚ್ಚುವುದು ಎಂದು ಹೇಳಿಬಿಟ್ಟರು. ಬೀಳಗಿಯ ತರಗತಿಯಲ್ಲಿದ್ದವರು ಹತ್ತೊಂಬತ್ತು ಹುಡುಗಿಯರು. ಹೆಚ್ಚಿನವರು ಆಲಮಟ್ಟಿಯ ಹಿನ್ನೀರಿನಲ್ಲಿ ಊರು ಮುಳುಗಿ, ಪುನರ್ವಸತಿ ಕೇಂದ್ರಗಳಿಗೆ ಬಂದ ಮನೆಯವರು. ಅಕ್ಕೋರೂ ನಾನೂ ವೈರು ನೋಡುವ ನೆಪದಲ್ಲಿ ಅಲ್ಲಿಗೆ ಹೋದೆವು. ಒಬ್ಬ ಹುಡುಗಿಯ ತಾಯಿ, ಕುರಿ ಸಾಕುವ ಮನೆಯವಳು, ಸಂಜೆಯ ಕೆಲಸ ಬಿಟ್ಟು ಶಾಖೆಯ ಬಾಗಿಲಿಗೇ ಬಂದಿದ್ದಳು.

"ಇಲ್ಲಿಗಂದ್ರ ಗೆಳತ್ಯಾರ ಕೂಡ ನಡಕೋತ ಬರ್ತಾಳ, ಕಳಸ್ತೇನ್ರಿ. ಮುಧೋಳಕ್ಕ ಬಸ್ ಹತ್ತಿಸಿ ಕಳಸಂದ್ರ ಅವರಪ್ಪ ಒಪ್ಪಾಂಗಿಲ್ಲ. ಮುಂದಿನ ವರ್ಷ ಮದುವಿ ಮಾಡಿ ಕೊಡ್ತಾನ. ನಿಮ್ಮ ಟೀವಿ ಇಲ್ಲೇ ಇರಲಿ ತಾಯಿ."

ತಿರುಗಿ ಬರುವಾಗ ಬಸ್ಸಿನಲ್ಲಿ ಅಕ್ಕೋರು ಯಾವುದನ್ನೂ ಅಳೆಯಲಿಲ್ಲ. ಹುಬ್ಬು ಗಂಟಿಕ್ಕಿ ಕೂತಿದ್ದರು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ಸಿಕ್ಕಿಕೊಂಡಾಗ ತಟ್ಟನೆ, "ನನ್ನ ಪಟ್ಟೀನ ಅರ್ಧಾ ಸುಳ್ಳರಿ ಸರ" ಅಂದರು.

"ಯಾಕ್ರಿ?"

"ಪಾಠ ಶುರು ಆಗೂ ಮುಂದ ಒಂದ ಸಲ ಅಳೀತೀನಿ. ಆಮ್ಯಾಲ ಏನ ಆಗತೈತಿ ಅನ್ನೂದ ಪಟ್ಟಿಯೊಳಗ ಇಲ್ಲ."

ಮರುದಿನ ಪ್ರೋಗ್ರಾಮಿಗೆ ಇನ್ನೊಂದು ತುಂಡು ಸೇರಿಸಿದರು. ಪಾಠ ನಡೆಯುವಾಗ ನಿಮಿಷ ನಿಮಿಷಕ್ಕೂ ಯಾವ ಶಾಖೆಗೆ ಎಷ್ಟು ಮುಟ್ಟಿತು ಎಂದು ಅದು ಬರೆದಿಡುತ್ತಿತ್ತು. ಎರಡು ವಾರದಲ್ಲಿ ಚಿತ್ರ ಸ್ಪಷ್ಟವಾಯಿತು. ಬೀಳಗಿಯ ಲೈನು ಸಣ್ಣದು, ಆದರೆ ಮೊದಲಿನಿಂದ ಕೊನೆಯವರೆಗೆ ಒಂದೇ ಸಮ. ಮುಧೋಳದ್ದು ಶುರುವಿನಲ್ಲಿ ಹೆದ್ದಾರಿ, ಹತ್ತು ನಿಮಿಷಕ್ಕೆ ಕಾಲುದಾರಿ. ಸರ್ವರ್ ಶುರುವಿನ ಅಳತೆ ನಂಬಿ ದೊಡ್ಡ ಚಿತ್ರವನ್ನೇ ನೂಕುತ್ತಿತ್ತು, ಅದು ಹಾದಿಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಕಾರಣ ಹುಡುಕಿದರೆ, ಅಲ್ಲಿನ ಶಾಖಾ ಮುಖ್ಯಸ್ಥರು ಹಾಜರಿ ಹಾಕಿ ತಮ್ಮ ಕೋಣೆಗೆ ಹೋಗಿ, ಅದೇ ಲೈನಿನಲ್ಲಿ ಕುಸ್ತಿಯ ವಿಡಿಯೊ ಹಚ್ಚುತ್ತಿದ್ದರು. ಅವರು ಕಾರ್ಯದರ್ಶಿಗಳ ಹೆಂಡತಿಯ ತಮ್ಮ. ಮುಧೋಳದಿಂದ ಯಾಕೆ ದೂರು ಬರುವುದಿಲ್ಲ ಎಂಬುದೂ ಆಗ ತಿಳಿಯಿತು. ದೂರು ಬರೆಯಬೇಕಾದವರೇ ಅವರು.

"ಇದನ್ನ ಹಂಗ ಹೇಳಿದ್ರ ಯಾರೂ ನಂಬಾಂಗಿಲ್ಲ" ಎಂದರು ಅಕ್ಕೋರು. "ತೋರಸಬೇಕು."

ಆಡಳಿತ ಮಂಡಳಿಯ ಸಭೆಗೆ ಅವರು ಎರಡು ಲ್ಯಾಪ್‌ಟಾಪ್ ತಂದಿಟ್ಟರು. ಒಂದಕ್ಕೆ ಮುಧೋಳದ, ಇನ್ನೊಂದಕ್ಕೆ ಬೀಳಗಿಯ ದಾಖಲೆಯಂತೆ, ನಿಮಿಷ ನಿಮಿಷಕ್ಕೆ ಅಷ್ಟೇ ಅಗಲ ಸಿಗುವ ಹಾಗೆ ಸರ್ವರಿನಲ್ಲಿ ಕಟ್ಟು ಹಾಕಿದ್ದರು. ಆ ಊರುಗಳಲ್ಲಿ ಪಾಠ ಹೇಗೆ ಕಂಡಿತ್ತೋ ಇಲ್ಲಿಯೂ ಹಾಗೆಯೇ ಕಾಣಬೇಕು.

"ಎಡಕ್ಕಿಂದು ಮುಧೋಳ, ಬಲಕ್ಕಿಂದು ಬೀಳಗಿರಿ ಸರ" ಎಂದರು. ಇದು ಎರಡನೆಯ ಸುಳ್ಳು.

ಎರಡರಲ್ಲೂ ನಾನೇ ಪಾಠ ಮಾಡುತ್ತಿದ್ದೆ. ಎಡಗಡೆಯ ನಾನು ಸ್ವಲ್ಪ ಮಸುಕು, ಆದರೆ ತಡೆಯಿಲ್ಲದೆ ಮಾತಾಡಿದೆ. ಬಲಗಡೆಯ ನಾನು ಬಹಳ ಚೆಂದ, ಹೊಸ ಅಂಗಿಯ ಗುಂಡಿ ಸಹ ಎಣಿಸಬಹುದು. ಹತ್ತು ನಿಮಿಷಕ್ಕೆ ಬಾಯಿ ತೆರೆದು ನಿಂತವನು ಮತ್ತೆ ಮುಚ್ಚಲಿಲ್ಲ.

ಕಾರ್ಯದರ್ಶಿಗಳು ಮೇಜು ತಟ್ಟಿದರು. "ನೋಡ್ರಿ! ನಾ ಏನ್ ಹೇಳಿದ್ದೆ? ಮುಧೋಳ ಸರಾಗ ನಡದೈತಿ. ಬೀಳಗಿ ನೋಡ್ರಿ, ಸರ ಬಾಯಿ ತಕ್ಕೊಂಡ ನಿಂತಾರ. ನಿಂತದ್ದನ್ನ ಮುಚ್ಚಬೇಕು. ಪ್ರಾಚಾರ್ಯರ, ಠರಾವ್ ಬರೀರಿ."

ಪ್ರಾಚಾರ್ಯರು ಬರೆಯತೊಡಗಿದರು. ಅಕ್ಕೋರು ಹತ್ತಿರ ಬಂದು, "ಊರಿನ ಹೆಸರು ಯಾಕ್ರಿ ಸರ, 'ಪಾಠ ನಿಂತು ಹೋಗುವ ಶಾಖೆಯನ್ನು ಮುಚ್ಚತಕ್ಕದ್ದು' ಅಂತ ಬರೀರಿ, ಮುಂದೂ ಉಪಯೋಗ ಬೀಳತೈತಿ" ಎಂದರು. ಕಾರ್ಯದರ್ಶಿಗಳಿಗೆ ಅದು ಹಿಡಿಸಿತು. ಎಲ್ಲರೂ ಸಹಿ ಹಾಕಿದರು. ಮಸಿ ಆರಿದ ಮೇಲೆ ಅಕ್ಕೋರು ಹಣೆ ಬಡಿದುಕೊಂಡರು.

"ಅಯ್ಯ ಸರ, ನಂದೊಂದು ತಪ್ಪಾತ್ರಿ. ಎಡಕ್ಕಿಂದು ಬೀಳಗಿ ಐತಿ. ನಿಂತದ್ದು ಮುಧೋಳ."

ಚಹಾ ಹಂಚುತ್ತಿದ್ದ ಸಿದ್ರಾಮಪ್ಪ ಕಪ್ಪು-ಬಸಿಗಳನ್ನು ಅಲ್ಲೇ ಇಟ್ಟು ಬಾಗಿಲಾಚೆ ಸರಿದ. ಅಕ್ಕೋರು ದಾಖಲೆಯ ಹಾಳೆಗಳನ್ನು ಹಂಚಿದರು. ಶುರುವಿನಲ್ಲಿ ಒಂದೇ ಸಲ ಅಳೆದದ್ದು ತಮ್ಮ ತಪ್ಪೆಂದೂ, ಪಾಠದ ನಡುವೆಯೂ ಅಳೆದು ಚಿತ್ರ ಬದಲಿಸುವ ಹಾಗೆ ತಿದ್ದಿದರೆ ಯಾವ ಶಾಖೆಯನ್ನೂ ಮುಚ್ಚಬೇಕಿಲ್ಲವೆಂದೂ ಹೇಳಿದರು. ಕುಸ್ತಿಯ ಮಾತನ್ನು ಎತ್ತಲೇ ಇಲ್ಲ. ಠರಾವಿನ ಹಾಳೆಯನ್ನು ಕಾರ್ಯದರ್ಶಿಗಳೇ ಎರಡು ತುಂಡು ಮಾಡಿದರು. ಬೀಳಗಿ ಉಳಿಯಿತು.

ಆದರೆ ಕಾರ್ಯದರ್ಶಿಗಳು ಸೇಡನ್ನು ಬಿಡುವ ಜಾತಿಯಲ್ಲ. "ಬೀಳಗಿ ಅಷ್ಟ ಛಲೋ ಇದ್ರ ಅಕ್ಕೋರು ಅಲ್ಲೇ ಹೋಗಿ ನೋಡ್ಕೊಳ್ಳಲಿ" ಎಂದರು. ವಾರದೊಳಗೆ ವರ್ಗದ ಪತ್ರ ಬಂತು. ಬನಹಟ್ಟಿಯ ಮನೆಯಲ್ಲಿ ಅವರ ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ. ಜಮಖಂಡಿಯಿಂದಾದರೆ ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ ಉಣಿಸಿ ಬರುತ್ತಿದ್ದರು, ಬೀಳಗಿಯಿಂದ ಅದು ಸಾಧ್ಯವಿರಲಿಲ್ಲ. ಹೊರಡುವ ದಿನ ನಾನು ಬಸ್ ನಿಲ್ದಾಣಕ್ಕೆ ಹೋದೆ. ಒಂದು ಚೀಲ ಕಾಲಬಳಿ ಇಟ್ಟುಕೊಂಡು, ಬನಹಟ್ಟಿಯ ಹತ್ತಿ ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಅವರ ಚೀಲ ಎತ್ತಿಕೊಂಡೆ.

"ಏನಿಲ್ರಿ ಸರ" ಎಂದರು. "ಅಳತಿ ಮುಗೀತಲ್ಲ, ಈಗ ಅಳಬಹುದು."

ಆಮೇಲೆ ಸ್ಟಾಪ್‌ವಾಚು ತೆಗೆದು, ದೈಹಿಕ ಶಿಕ್ಷಣದ ಮಾಸ್ತರರಿಗೆ ಕೊಡಲು ನನ್ನ ಕೈಗಿಟ್ಟರು. ಬಸ್ಸು ಹೊರಡುವಾಗ ಕಿಟಕಿಯಿಂದ ಕೈಚಾಚಿ ಮತ್ತೆ ಇಸಿದುಕೊಂಡರು.

ತಾಯಿಯನ್ನೂ ಬೀಳಗಿಗೆ ಕರೆಸಿಕೊಂಡು ಒಂದು ಬಾಡಿಗೆ ಮನೆ ಮಾಡಿದರು. ಹೊಸ ಪ್ರೋಗ್ರಾಂ ಅಲ್ಲಿಂದಲೇ ಬರೆದು ಕಳಿಸಿದರು, ಮುಧೋಳವೂ ನಿಲ್ಲದೆ ನಡೆಯತೊಡಗಿತು. ಮುಂದಿನ ವರ್ಷದ ಫಲಿತಾಂಶ ಬಂದಾಗ ಫಿಜಿಕ್ಸ್‌ನಲ್ಲಿ ಮೂರೂ ಶಾಖೆಗಳ ಪೈಕಿ ಬೀಳಗಿಯೇ ಮುಂದಿತ್ತು. ನನಗಂತೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಷ್ಟು ಸಣ್ಣ ಲೈನಿನಲ್ಲಿ, ಅಷ್ಟು ಮಸುಕು ಚಿತ್ರದಲ್ಲಿ ನನ್ನ ಪಾಠ ಅಷ್ಟು ಚೆನ್ನಾಗಿ ಮುಟ್ಟಿದೆ! ದಾಖಲೆ ತೆಗೆದು ನೋಡಿದೆ. ಬೀಳಗಿಯ ಕಂಪ್ಯೂಟರ್ ಒಂದು ನಿಮಿಷ ಸಹ ಪಾಠ ಬಿಟ್ಟಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಆ ಹಾಳೆ ಎಲ್ಲರಿಗೂ ತೋರಿಸಿದೆ. ಕಾರ್ಯದರ್ಶಿಗಳು ನನಗೆ ಶಾಲು ಹೊದಿಸಿದರು.

ಆ ಹುಡುಗಿಯರನ್ನು ಒಮ್ಮೆ ನೋಡಿ ಬರಬೇಕು ಅನ್ನಿಸಿತು. ನಿಜ ಹೇಳಬೇಕೆಂದರೆ, ಅವರು ನನ್ನನ್ನು ನೋಡಿ ಏನನ್ನುತ್ತಾರೆ ಎಂದು ಕೇಳುವ ಆಸೆ. ಹಿಂದೆ ರೆಕಾರ್ಡ್ ಮಾಡಿಟ್ಟ ಪಾಠವೊಂದನ್ನು ಸರ್ವರಿನಿಂದ ಬಿಡುವ ದಿನ ನೋಡಿ, ಯಾರಿಗೂ ಹೇಳದೆ ಬೀಳಗಿಯ ಬಸ್ಸು ಹತ್ತಿದೆ.

ಶಾಖೆಯ ಬಾಗಿಲಿಗೆ ಹೋದಾಗ ಪಾಠ ನಡೆದಿತ್ತು. ಆದರೆ ಕೇಳುತ್ತಿದ್ದ ದನಿ ನನ್ನದಾಗಿರಲಿಲ್ಲ. ಮೂಲೆಯ ಟೀವಿಯಲ್ಲಿ ನಾನು ಮೂಕನಾಗಿ ಬಾಯಿ ಆಡಿಸುತ್ತಿದ್ದೆ, ದನಿ ಪೂರ್ತಿ ಬಂದ್ ಮಾಡಿದ್ದರು. ಎದುರಿನ ಕರಿಹಲಗೆಯ ಮುಂದೆ ಅಕ್ಕೋರು ಸೀಮೆಸುಣ್ಣ ಹಿಡಿದು, ನಾನು ಟೀವಿಯಲ್ಲಿ ಮಾಡುತ್ತಿದ್ದ ಲೆಕ್ಕವನ್ನೇ ಹೊಸದಾಗಿ, ನಿಧಾನವಾಗಿ, ಮೂರು ಕೊಠಡಿಗೆ ಕೇಳುವ ಹಾಗೆ ಬಿಡಿಸುತ್ತಿದ್ದರು.

ಮುಂದಿನ ಸಾಲಿನ ಹುಡುಗಿಯೊಬ್ಬಳು ಟೀವಿಯತ್ತ ಕೈತೋರಿಸಿದಳು. "ಅಕ್ಕೋರ, ನೋಡ್ರಿ, ಸರ ಈಗ ಒರಸ್ತಾರ."

ಟೀವಿಯಲ್ಲಿ ನಾನು ಕ್ಯಾಮೆರಾಕ್ಕೆ ಬೆನ್ನು ತಿರುಗಿಸಿ, ಬರೆದು ಮುಗಿಸಿದ ಲೆಕ್ಕವನ್ನೆಲ್ಲ, ಯಾರೂ ಬರೆದುಕೊಳ್ಳುವ ಮೊದಲೇ, ಸರಸರ ಒರೆಸಿಬಿಟ್ಟೆ. ಇಡೀ ತರಗತಿ ಹೊಟ್ಟೆ ಹಿಡಿದು ನಕ್ಕಿತು. ಅಂಥ ಚಾಳಿ ನನಗಿದೆಯೆಂದು ಆವರೆಗೆ ನನಗೇ ಗೊತ್ತಿರಲಿಲ್ಲ. ಎದುರಿಗೆ ಕೂತ ಜಮಖಂಡಿಯ ಮಕ್ಕಳು ಹೇಳಲು ಅಂಜಿರಬೇಕು, ದೂರದ ಮಕ್ಕಳಿಗೆ ಹೇಳಲು ದಾರಿಯೇ ಇರಲಿಲ್ಲ.

ಆಗ ಅಕ್ಕೋರು ಬಾಗಿಲಲ್ಲಿ ನಿಂತ ನನ್ನನ್ನು ಕಂಡರು. ಹುಡುಗಿಯರೂ ಕಂಡರು. ನಗು ತಟ್ಟನೆ ನಿಂತಿತು. ತಿರುಗಿ ಹೋಗಿಬಿಡೋಣವೆಂದು ಒಂದು ಹೆಜ್ಜೆ ಹಿಂದೆ ಇಟ್ಟೂ ಇಟ್ಟೆ. ಅಕ್ಕೋರ ಮುಖದಲ್ಲಿ ತಪ್ಪು ಮಾಡಿ ಸಿಕ್ಕಿಬಿದ್ದವರ ಒಂದು ಗೆರೆಯೂ ಇರಲಿಲ್ಲ. ನೆಟ್ಟಗೆ ಬಂದು ಸೀಮೆಸುಣ್ಣವನ್ನು ನನ್ನ ಕೈಗಿಟ್ಟರು. ಡಸ್ಟರನ್ನು ತಮ್ಮ ಕಂಕುಳಲ್ಲಿ ಸಿಕ್ಕಿಸಿಕೊಂಡರು.

"ಬರ್ರಿ ಸರ" ಎಂದರು. "ಮುಂದಿನ ಲೆಕ್ಕ ನೀವ ಮಾಡ್ರಿ. ಹುಡುಗ್ಯಾರು ಹೇಳೂತನಕ ಇದನ್ನ ನಾ ಕೊಡಾಂಗಿಲ್ಲ."

ನಾನು ಒಳಗೆ ಹೋಗಿ ಬರೆಯತೊಡಗಿದೆ. ಅವರು ಹಿಂದಿನ ಬೆಂಚಿನಲ್ಲಿ, ಇಬ್ಬರು ಹುಡುಗಿಯರ ನಡುವೆ ಒತ್ತಿಕೊಂಡು ಕೂತರು. ಕರಿಹಲಗೆ ತುಂಬಿತು. ನಾನು ತಿರುಗಿ ನಿಂತು, ಕೈಕಟ್ಟಿ ಕಾದೆ. ಕೊನೆಯ ಹುಡುಗಿ ಪೆನ್ನು ಕೆಳಗಿಟ್ಟು ತಲೆಯೆತ್ತಿ, "ಆತ್ರಿ ಸರ" ಎಂದಳು. ಹಿಂದಿನ ಬೆಂಚಿನಿಂದ ಡಸ್ಟರು ಕೈಯಿಂದ ಕೈಗೆ ದಾಟುತ್ತ ಮುಂದೆ ಬಂತು.